ನಿಂತುಹೋದ ಮಾಸಾಶನ: ದೂರು ಎಲ್ಲಿ, ಯಾವ ಕ್ರಮದಲ್ಲಿ, ಹೇಗೆ ಕೊಡಬೇಕು

ವೃದ್ಧಾಪ್ಯ ವೇತನವೋ ವಿಧವಾ ವೇತನವೋ ಇದ್ದಕ್ಕಿದ್ದಂತೆ ನಿಂತಾಗ ಹೆಚ್ಚಿನವರು ನೇರವಾಗಿ ಸಹಾಯವಾಣಿಗೆ ಕರೆ ಮಾಡಿ "ಪಿಂಚಣಿ ಬರುತ್ತಿಲ್ಲ" ಎಂದಷ್ಟೇ ದೂರು ಬರೆಸುತ್ತಾರೆ. ಕೆಲವು ವಾರಗಳ ನಂತರ "ಪರಿಶೀಲಿಸಲಾಗಿದೆ, ಬ್ಯಾಂಕನ್ನು ಸಂಪರ್ಕಿಸಲು ತಿಳಿಸಿ ದೂರನ್ನು ಮುಕ್ತಾಯಗೊಳಿಸಲಾಗಿದೆ" ಎಂಬ ಧಾಟಿಯ ಉತ್ತರ ಬರುತ್ತದೆ. ಬ್ಯಾಂಕಿಗೆ ಹೋದರೆ ಹಣವೇ ಬಂದಿಲ್ಲ, ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಿ ಎನ್ನುತ್ತಾರೆ. ಹೀಗೆ ಎರಡು ಕಡೆಗೂ ಅಲೆದು ಸುಸ್ತಾದವರು ಕೊನೆಗೆ ಯಾರದೋ ಮಾತು ಕೇಳಿ ಹೊಸ ಅರ್ಜಿ ಹಾಕುತ್ತಾರೆ. ತೊಂದರೆ ದೊಡ್ಡದಾಗುವುದೇ ಅಲ್ಲಿಂದ.

ದೂರು ಕೊಡುವುದಕ್ಕೆ ದಾರಿಗಳ ಕೊರತೆಯಿಲ್ಲ. ಹಣ ಎಲ್ಲಿ ನಿಂತಿದೆ ಎಂದು ತಿಳಿಯದೆ ದೂರು ಕೊಡುವುದರಿಂದ ಅದು ತಪ್ಪು ಮೇಜಿಗೆ ಹೋಗಿ ಬೀಳುತ್ತದೆ. ಈ ಮಾರ್ಗದರ್ಶಿ ಸಂಧ್ಯಾ ಸುರಕ್ಷಾ, ಇಂದಿರಾ ಗಾಂಧಿ ರಾಷ್ಟ್ರೀಯ ವೃದ್ಧಾಪ್ಯ ವೇತನ, ನಿರ್ಗತಿಕ ವಿಧವಾ ವೇತನ, ಅಂಗವಿಕಲ ವೇತನ ಮೊದಲಾಗಿ ಕಂದಾಯ ಇಲಾಖೆಯ ಅಧೀನದ ಸಾಮಾಜಿಕ ಭದ್ರತೆ ಮತ್ತು ಪಿಂಚಣಿಗಳ ನಿರ್ದೇಶನಾಲಯದ ಮೂಲಕ ಬರುವ ಮಾಸಾಶನಗಳಿಗೆ ಸಂಬಂಧಿಸಿದ್ದು. ಗೃಹಲಕ್ಷ್ಮಿ ಹಣ ನಿಂತಿದ್ದರೆ ಕ್ರಮ ಬಹುಮಟ್ಟಿಗೆ ಇದೇ. ಆದರೆ ಅಲ್ಲಿ ತಹಶೀಲ್ದಾರರ ಬದಲು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳ ಕಚೇರಿಗೆ ಹೋಗಬೇಕು.

ಹಂತ 1: ಮನೆ ಬಿಡುವ ಮೊದಲು ಕಾಗದಪತ್ರ ಜೋಡಿಸಿಕೊಳ್ಳಿ

ಮೊದಲು ಬೇಕಾದದ್ದು ಇತ್ತೀಚಿನ ದಿನಾಂಕದವರೆಗೆ ಎಂಟ್ರಿ ಹಾಕಿಸಿದ ಪಾಸ್‌ಬುಕ್. ಆರು ತಿಂಗಳ ಹಿಂದಿನ ಎಂಟ್ರಿ ಇರುವ ಪಾಸ್‌ಬುಕ್ ಹಿಡಿದು ಹಣ ಬಂದಿಲ್ಲ ಎಂದು ವಾದಿಸಲಾಗದು. ಎಂಟ್ರಿ ಹಾಕಿಸಿದ ಮೇಲೆ ಕೊನೆಯ ಕಂತು ಯಾವ ತಿಂಗಳಿನಲ್ಲಿ, ಎಷ್ಟು ರೂಪಾಯಿ ಬಂದಿದೆ ಎಂಬ ಸಾಲಿನ ಕೆಳಗೆ ಪೆನ್ಸಿಲ್‌ನಿಂದ ಗೆರೆ ಹಾಕಿಡಿ, ಏಕೆಂದರೆ ಮುಂದಿನ ಪ್ರತಿಯೊಂದು ಕಾಗದದಲ್ಲೂ ಈ ದಿನಾಂಕವನ್ನೇ ಬರೆಯಬೇಕಾಗುತ್ತದೆ. ಸಂಧ್ಯಾ ಸುರಕ್ಷಾ ಮೊತ್ತ 1,200 ರೂಪಾಯಿ ಆಗಿರುವುದರಿಂದ ಪಾಸ್‌ಬುಕ್ಕಿನಲ್ಲಿ ಆ ಸಾಲನ್ನು ಗುರುತಿಸುವುದು ಸುಲಭ. ಎರಡು ತಿಂಗಳದ್ದು ಒಟ್ಟಿಗೆ ಬಂದಿದ್ದರೆ 2,400 ಎಂದಿರಬಹುದು.

ಎರಡನೆಯದು ಮಂಜೂರಾತಿ ಆದೇಶದ ಪ್ರತಿ. ಅದು ಕಳೆದುಹೋಗಿದ್ದರೆ ಆಧಾರ್ ಸಂಖ್ಯೆ ಕೊಟ್ಟು ನಾಡಕಚೇರಿಯಲ್ಲಿ ಫಲಾನುಭವಿಯ ಸಂಖ್ಯೆಯನ್ನು ಕೇಳಿ ಬರೆದುಕೊಳ್ಳಿ. ಇವುಗಳ ಜೊತೆಗೆ ಆಧಾರ್ ಕಾರ್ಡ್, ಪಡಿತರ ಚೀಟಿ, ಅಂಗವಿಕಲ ವೇತನವಾದರೆ ವಿಶಿಷ್ಟ ಗುರುತಿನ ಚೀಟಿ, ಆಧಾರ್‌ಗೆ ಜೋಡಣೆಯಾದ ಮೊಬೈಲ್ ಮತ್ತು ಒಂದು ನೋಟ್‌ಬುಕ್ ಬೇಕು. ನೋಟ್‌ಬುಕ್ಕಿನಲ್ಲಿ ಹೋದ ದಿನಾಂಕ, ಕಚೇರಿ, ಮಾತನಾಡಿದವರ ಹುದ್ದೆ ಮತ್ತು ಅವರು ಹೇಳಿದ್ದನ್ನು ಅಂದೇ ಬರೆದಿಡಿ. ಕಚೇರಿಗಳಲ್ಲಿ ಸಿಬ್ಬಂದಿ ಬದಲಾಗುತ್ತಿರುತ್ತಾರೆ. ಹಿಂದಿನವರು ಏನು ಹೇಳಿದ್ದರು ಎಂಬುದಕ್ಕೆ ನಿಮ್ಮ ಬಳಿ ಇದಲ್ಲದೆ ಬೇರೆ ದಾಖಲೆ ಇರುವುದಿಲ್ಲ.

ಆಧಾರ್, ಪಾಸ್‌ಬುಕ್, ಮಂಜೂರಾತಿ ಆದೇಶ ಈ ಮೂರರಲ್ಲೂ ಹೆಸರನ್ನು ಅಕ್ಷರಕ್ಷರ ಹೋಲಿಸಿ ನೋಡಿ. ಒಂದರಲ್ಲಿ "ಲಕ್ಷ್ಮಮ್ಮ", ಇನ್ನೊಂದರಲ್ಲಿ "ಲಕ್ಷ್ಮೀದೇವಮ್ಮ" ಎಂದಿರುವುದು ನಮ್ಮ ಹಳ್ಳಿಗಳಲ್ಲಿ ತೀರಾ ಸಾಮಾನ್ಯ. ಜನ್ಮ ದಿನಾಂಕವನ್ನೂ ಹೀಗೆಯೇ ಹೋಲಿಸಿ. ಸಂಧ್ಯಾ ಸುರಕ್ಷಾಗೆ 65 ವರ್ಷ ತುಂಬಿರಬೇಕು. ಆಧಾರ್ ಮಾಡಿಸುವಾಗ ಅಂದಾಜಿಗೆ ಬರೆಸಿದ ವಯಸ್ಸು ಕಡಿಮೆಯಿದ್ದರೆ ಪರಿಶೀಲನೆಯಲ್ಲಿ ಹೆಸರು ಬಿಟ್ಟುಹೋಗುವ ಸಾಧ್ಯತೆ ಇರುತ್ತದೆ.

ಹಂತ 2: ಹಣ ಎಲ್ಲಿ ತಡೆದಿದೆ ಎಂಬುದನ್ನು ಮೊದಲು ಪತ್ತೆ ಮಾಡಿ

ಎಲ್ಲಕ್ಕಿಂತ ಮುಖ್ಯವಾದ ಹಂತ ಇದು, ಬಹುತೇಕರು ದಾಟಿ ಮುಂದೆ ಹೋಗುವುದೂ ಇದನ್ನೇ. ಮಾಸಾಶನ ನಿಮ್ಮ ಕೈಸೇರಲು ಮೂರು ಕಡೆ ಕೆಲಸ ಆಗಬೇಕು. ತಾಲ್ಲೂಕು ಕಚೇರಿಯ ದಾಖಲೆಯಲ್ಲಿ ಮಂಜೂರಾತಿ ಚಾಲ್ತಿಯಲ್ಲಿರಬೇಕು. ಖಜಾನೆಯ ಮೂಲಕ ಪಾವತಿ ಹೊರಡಬೇಕು. ಆಧಾರ್‌ಗೆ ಜೋಡಣೆಯಾದ ಬ್ಯಾಂಕ್ ಖಾತೆ ಆ ಪಾವತಿಯನ್ನು ಸ್ವೀಕರಿಸಬೇಕು. ಮೂರರಲ್ಲಿ ಎಲ್ಲಿ ಕೊಂಡಿ ಕಳಚಿದೆಯೋ ಅಲ್ಲಿಗೇ ದೂರು ಹೋಗಬೇಕು.

ಪತ್ತೆಗೆ ಸುಲಭದ ಸಾಧನ ರಾಜ್ಯ ಸರ್ಕಾರದ "ಡಿಬಿಟಿ ಕರ್ನಾಟಕ" ಎಂಬ ಮೊಬೈಲ್ ಆ್ಯಪ್. ಆಧಾರ್ ಸಂಖ್ಯೆ ಕೊಟ್ಟು, ಜೋಡಣೆಯಾದ ಮೊಬೈಲ್‌ಗೆ ಬಂದ ಓಟಿಪಿ ಹಾಕಿದರೆ ಯಾವ ಯೋಜನೆಯ ಹಣ ಯಾವ ದಿನ ಯಾವ ಬ್ಯಾಂಕಿಗೆ ಹೋಗಿದೆ ಎಂಬ ವಿವರ ಸಿಗುತ್ತದೆ. ಮೊಬೈಲ್ ಜೋಡಣೆಯೇ ಆಗಿಲ್ಲದಿದ್ದರೆ ಮೊದಲು ಆಧಾರ್ ಕೇಂದ್ರಕ್ಕೆ ಹೋಗಿ ಅದನ್ನು ಮಾಡಿಸಿ. ಇದಕ್ಕೆ ಫಲಾನುಭವಿಯೇ ಖುದ್ದಾಗಿ ಹೋಗಬೇಕು. ಅದು ತಕ್ಷಣ ಸಾಧ್ಯವಿಲ್ಲದಿದ್ದರೆ ನಾಡಕಚೇರಿಯ ಸಿಬ್ಬಂದಿಗೆ ಪಾವತಿಯ ಸ್ಥಿತಿಯನ್ನು ನೋಡಿ ಹೇಳುವಂತೆ ಕೇಳಿ.

ನೋಡಿದಾಗ ಮೂರರಲ್ಲೊಂದು ಚಿತ್ರ ಕಾಣುತ್ತದೆ.

ಮೊದಲನೆಯದು, ಪಾವತಿಯಾಗಿದೆ ಎಂದಿರುತ್ತದೆ, ಆದರೆ ನಿಮ್ಮ ಪಾಸ್‌ಬುಕ್ಕಿನಲ್ಲಿಲ್ಲ. ಅಂದರೆ ಹಣ ನಿಮ್ಮದೇ ಹೆಸರಿನ ಬೇರೊಂದು ಖಾತೆಗೆ ಹೋಗಿದೆ. ಆಧಾರ್ ಆಧಾರಿತ ಪಾವತಿಯಲ್ಲಿ ಖಾತೆ ಸಂಖ್ಯೆ ಮುಖ್ಯವಲ್ಲ. ಕೊನೆಯದಾಗಿ ಯಾವ ಬ್ಯಾಂಕ್ ನಿಮ್ಮ ಆಧಾರನ್ನು ರಾಷ್ಟ್ರೀಯ ಪಾವತಿ ನಿಗಮದ ಪಟ್ಟಿಗೆ ಸೇರಿಸಿದೆಯೋ ಆ ಬ್ಯಾಂಕಿಗೇ ಹಣ ಹೋಗುತ್ತದೆ. ಸ್ವಸಹಾಯ ಸಂಘದ ಸಾಲಕ್ಕೆಂದು ಹೊಸ ಖಾತೆ ತೆರೆದಾಗ, ಮಗನ ಊರಿನಲ್ಲಿ ಇನ್ನೊಂದು ಖಾತೆ ಮಾಡಿಸಿದಾಗ ಹೀಗಾಗುತ್ತದೆ. ಸಿಮ್‌ಗೆಂದು ಹೆಬ್ಬೆಟ್ಟು ಒತ್ತಿದವರಿಗೆ ಅರಿವಿಲ್ಲದೆಯೇ ಪೇಮೆಂಟ್ಸ್ ಬ್ಯಾಂಕ್ ಖಾತೆ ತೆರೆದು ಅಡುಗೆ ಅನಿಲದ ಸಹಾಯಧನ ಅಲ್ಲಿಗೆ ಹೋಗಿದ್ದ ಪ್ರಕರಣಗಳು 2017ರಲ್ಲಿ ದೇಶದಾದ್ಯಂತ ಸುದ್ದಿಯಾಗಿದ್ದವು. ಈ ಚಿತ್ರ ಕಂಡರೆ ಸರ್ಕಾರಕ್ಕೆ ದೂರು ಕೊಡುವುದು ವ್ಯರ್ಥ. ಮೈ ಆಧಾರ್ ಜಾಲತಾಣದಲ್ಲಿ ಬ್ಯಾಂಕ್ ಜೋಡಣೆಯ ಸ್ಥಿತಿಯನ್ನು ನೋಡಿ, ಆ ಬ್ಯಾಂಕಿನಿಂದ ಹಣ ತೆಗೆದುಕೊಳ್ಳಿ. ಹಳೆಯ ಬ್ಯಾಂಕಿಗೇ ಹಣ ಬರಬೇಕಿದ್ದರೆ ಅಲ್ಲಿಗೆ ಹೋಗಿ, ಸರ್ಕಾರಿ ಸೌಲಭ್ಯ ಈ ಖಾತೆಗೇ ಬರುವಂತೆ ಆಧಾರ್ ಜೋಡಿಸಲು ಒಪ್ಪಿಗೆ ಪತ್ರ ಕೊಡಿ. ಖಾತೆಗೆ ಆಧಾರ್ ಪ್ರತಿ ಕೊಡುವುದು ಬೇರೆ, ಪಾವತಿಗಾಗಿ ಜೋಡಿಸುವುದು ಬೇರೆ. "ಆಧಾರ್ ಲಿಂಕ್ ಆಗಿದೆ" ಎಂದು ಕೌಂಟರಿನಲ್ಲಿ ಹೇಳಿದರೆ ಯಾವುದು ಆಗಿದೆ ಎಂದು ಸ್ಪಷ್ಟವಾಗಿ ಕೇಳಬೇಕು.

ಎರಡನೆಯದು, ಪಾವತಿ ಹೊರಟು ವಿಫಲವಾಗಿದೆ ಅಥವಾ ಹಿಂದಿರುಗಿದೆ. ಖಾತೆ ನಿಷ್ಕ್ರಿಯವಾಗಿರುವುದು, ಕೆವೈಸಿ (ಗ್ರಾಹಕರ ಗುರುತಿನ ಪರಿಶೀಲನೆ) ಬಾಕಿ ಇರುವುದು, ಆಧಾರ್ ಜೋಡಣೆ ರದ್ದಾಗಿರುವುದು ಇದಕ್ಕೆ ಸಾಮಾನ್ಯ ಕಾರಣಗಳು. ಎರಡು ವರ್ಷಕ್ಕೂ ಮೀರಿ ಗ್ರಾಹಕರು ಯಾವ ವ್ಯವಹಾರವನ್ನೂ ಮಾಡದ ಖಾತೆಯನ್ನು ಬ್ಯಾಂಕ್ ಸಾಮಾನ್ಯವಾಗಿ ನಿಷ್ಕ್ರಿಯ ಪಟ್ಟಿಗೆ ಸೇರಿಸುತ್ತದೆ. ಬ್ಯಾಂಕುಗಳ ವಿಲೀನವೂ ಹಳೆಯ ಫಲಾನುಭವಿಗಳನ್ನು ಗೊಂದಲಕ್ಕೆ ದೂಡಿದೆ: ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ ಎಸ್‌ಬಿಐನಲ್ಲಿ, ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿ, ಸಿಂಡಿಕೇಟ್ ಬ್ಯಾಂಕ್ 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ, ಕಾರ್ಪೊರೇಷನ್ ಬ್ಯಾಂಕ್ ಅದೇ ವರ್ಷ ಯೂನಿಯನ್ ಬ್ಯಾಂಕಿನಲ್ಲಿ ಸೇರಿಹೋದವು. ನಿಮ್ಮ ಮಂಜೂರಾತಿ ಆದೇಶದಲ್ಲಿ ಹಳೆಯ ಹೆಸರೇ ಇದ್ದರೆ ಈಗಿನ ಶಾಖೆ, ಖಾತೆ ಸಂಖ್ಯೆ ಮತ್ತು ಐಎಫ್‌ಎಸ್‌ಸಿಯನ್ನು ನಾಡಕಚೇರಿಗೆ ಬರಹದಲ್ಲಿ ಕೊಡಿ. ಎರಡನೆಯ ಚಿತ್ರದಲ್ಲಿ ಮೊದಲ ಕೆಲಸ ಬ್ಯಾಂಕಿನದು, ನಂತರದ್ದು ತಾಲ್ಲೂಕು ಕಚೇರಿಯದು. ಈ ಕ್ರಮ ತಪ್ಪಿದರೆ ಮರುಪಾವತಿಯೂ ಮತ್ತೆ ವಿಫಲವಾಗುತ್ತದೆ.

ಮೂರನೆಯದು, ಒಂದು ತಿಂಗಳಿನಿಂದಾಚೆಗೆ ಪಾವತಿಯ ಸಾಲೇ ಇಲ್ಲ. ಇದೇ ನಿಜವಾಗಿ ಆತಂಕದ ಸೂಚನೆ. ಮಂಜೂರಾತಿಯನ್ನೇ ತಡೆಹಿಡಿದಿರಬಹುದು ಅಥವಾ ರದ್ದು ಮಾಡಿರಬಹುದು. ಫಲಾನುಭವಿಗಳ ಪರಿಶೀಲನೆಗೆ ಬಂದಾಗ ಮನೆಯಲ್ಲಿ ಸಿಗದವರನ್ನು "ವಿಳಾಸದಲ್ಲಿಲ್ಲ" ಎಂದೋ, ಒಮ್ಮೊಮ್ಮೆ ಬದುಕಿರುವವರನ್ನೇ "ಮೃತ" ಎಂದೋ ನಮೂದಿಸಿರುವುದು ಉಂಟು. ಬಿಪಿಎಲ್ ಪಡಿತರ ಚೀಟಿ ರದ್ದಾದದ್ದು, ಆದಾಯ ಹೆಚ್ಚಿದೆ ಎಂದು ದತ್ತಾಂಶದಲ್ಲಿ ಕಂಡದ್ದು, ವಯಸ್ಸಿನ ವ್ಯತ್ಯಾಸ ಇವೂ ಕಾರಣವಾಗಬಹುದು. ಈ ಚಿತ್ರ ಕಂಡವರು ಬ್ಯಾಂಕಿಗೆ ಅಲೆಯಬೇಡಿ. ಮುಂದಿನ ಹಂತಗಳು ಹೆಚ್ಚಾಗಿ ನಿಮಗಾಗಿಯೇ ಇವೆ.

ಹಂತ 3: ತಹಶೀಲ್ದಾರರಿಗೆ ಲಿಖಿತ ಮನವಿ, ಕೈಯಲ್ಲಿ ಸ್ವೀಕೃತಿ

ಮಾಸಾಶನವನ್ನು ಮಂಜೂರು ಮಾಡುವುದು ತಾಲ್ಲೂಕು ಮಟ್ಟದ ಕಂದಾಯ ಆಡಳಿತ. ಗ್ರಾಮ ಆಡಳಿತ ಅಧಿಕಾರಿ ಮತ್ತು ಕಂದಾಯ ನಿರೀಕ್ಷಕರು ಸ್ಥಳ ಪರಿಶೀಲನೆ ಮಾಡಿ ವರದಿ ಕೊಡುತ್ತಾರೆ, ಆದೇಶ ಅವರ ಮೇಲಿನವರದು. ಆದ್ದರಿಂದ ಮನವಿಯನ್ನು ತಹಶೀಲ್ದಾರರ ಹೆಸರಿಗೆ ಬರೆಯಿರಿ. ಗ್ರಾಮ ಆಡಳಿತ ಅಧಿಕಾರಿಯ ಬಳಿ ಬಾಯಿಮಾತಿನಲ್ಲಿ ಹೇಳಿ ಬಂದದ್ದಕ್ಕೆ ದಾಖಲೆ ಇರುವುದಿಲ್ಲ, ಅವರು ಎಷ್ಟೇ ಒಳ್ಳೆಯವರಾಗಿದ್ದರೂ.

ಮನವಿ ಒಂದು ಪುಟ ಮೀರಬಾರದು. ಕಷ್ಟಗಳ ವಿವರಣೆಗಿಂತ ದಿನಾಂಕ, ಸಂಖ್ಯೆ ಮತ್ತು ಖಚಿತ ಕೋರಿಕೆ ಇದ್ದರೆ ಕಡತ ಬೇಗ ಚಲಿಸುತ್ತದೆ. ಮೇಲ್ಗಡೆ ಮಂಜೂರಾತಿ ಆದೇಶದ ಸಂಖ್ಯೆ ಮತ್ತು ದಿನಾಂಕ ಬರೆಯಿರಿ. ಒಕ್ಕಣೆ ಹೀಗಿರಲಿ:

"ಮಾನ್ಯರೇ, ನನಗೆ ಸಂಧ್ಯಾ ಸುರಕ್ಷಾ ಯೋಜನೆಯಡಿ ಮೇಲ್ಕಂಡ ಆದೇಶದಂತೆ ಮಾಸಾಶನ ಮಂಜೂರಾಗಿದ್ದು, ಕೊನೆಯ ಕಂತು ಇಂಥ ದಿನಾಂಕದಂದು ಜಮೆಯಾಗಿರುತ್ತದೆ. ತದನಂತರ ಯಾವುದೇ ಕಂತು ಬಂದಿರುವುದಿಲ್ಲ. ನನ್ನ ಖಾತೆ ಚಾಲ್ತಿಯಲ್ಲಿದ್ದು, ಆಧಾರ್ ಜೋಡಣೆಯಾಗಿರುತ್ತದೆ. ಮಾಸಾಶನವನ್ನು ತಡೆಹಿಡಿದಿದ್ದಲ್ಲಿ ಅದರ ಕಾರಣ, ಆದೇಶದ ದಿನಾಂಕ ಹಾಗೂ ಆಧಾರವಾಗಿರುವ ಪರಿಶೀಲನಾ ವರದಿಯ ಪ್ರತಿಯನ್ನು ನೀಡಿ, ಮಾಸಾಶನವನ್ನು ಪುನರಾರಂಭಿಸಿ, ತಡೆಹಿಡಿದ ತಿಂಗಳುಗಳ ಬಾಕಿಯನ್ನೂ ಪಾವತಿಸಬೇಕೆಂದು, ಸಾಧ್ಯವಿಲ್ಲದಿದ್ದಲ್ಲಿ ಕಾರಣ ಸಹಿತ ಹಿಂಬರಹ ನೀಡಬೇಕೆಂದು ಕೋರುತ್ತೇನೆ."

ಇದರಲ್ಲಿ "ಹಿಂಬರಹ", ಅಂದರೆ ಕಚೇರಿ ಬರಹದಲ್ಲಿ ಕೊಡುವ ಉತ್ತರ, ಬೇಕೆಂಬ ಕೋರಿಕೆಯನ್ನು ಬಿಡಬೇಡಿ. ಲಿಖಿತ ಹಿಂಬರಹ ಸಿಕ್ಕಿದರೆ ಅದನ್ನು ಪ್ರಶ್ನಿಸಿ ಮೇಲಿನವರ ಬಳಿ ಹೋಗಬಹುದು. ಕೌಂಟರಿನ ಬಾಯಿಮಾತನ್ನು ಪ್ರಶ್ನಿಸಲು ಆಗುವುದಿಲ್ಲ.

ಎರಡು ಪ್ರತಿ ಒಯ್ದು, ಟಪಾಲು ವಿಭಾಗದಲ್ಲಿ ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಮೊಹರು, ದಿನಾಂಕ ಮತ್ತು ಸ್ವೀಕೃತಿ ಸಂಖ್ಯೆ ಹಾಕಿಸಿಕೊಳ್ಳಿ. "ಇಟ್ಟು ಹೋಗಿ, ಸಾಹೇಬರು ನೋಡುತ್ತಾರೆ" ಎಂದು ಮೊಹರು ಹಾಕಲು ಹಿಂದೇಟು ಹಾಕಿದರೆ ವಾದಕ್ಕಿಳಿಯದೆ ಅದೇ ದಿನ ಅಂಚೆ ಕಚೇರಿಗೆ ಹೋಗಿ ನೋಂದಾಯಿತ ರೀತಿಯಲ್ಲಿ ಕಳುಹಿಸಿ, ರಸೀದಿ ಇಟ್ಟುಕೊಳ್ಳಿ. "ಮೃತ" ಎಂದು ನಮೂದಾಗಿದ್ದ ಪ್ರಕರಣದಲ್ಲಿ ಮಾತ್ರ ಫಲಾನುಭವಿಯೇ ಆಧಾರ್ ಹಿಡಿದು ಅಧಿಕಾರಿಯ ಮುಂದೆ ಹಾಜರಾಗುವುದು ಅತ್ಯಂತ ವೇಗದ ದಾರಿ. ಹಾಸಿಗೆ ಹಿಡಿದವರಾದರೆ ಮನೆಗೇ ಬಂದು ಪರಿಶೀಲಿಸಿ ಮಹಜರು (ಕಂಡದ್ದರ ಸ್ಥಳದಲ್ಲೇ ಬರೆದ ದಾಖಲೆ) ಮಾಡಬೇಕೆಂದು ಮನವಿಯಲ್ಲಿ ಕೇಳಿ.

ಹೊಸ ಅರ್ಜಿಯ ಬಗ್ಗೆ ಒಂದು ಮಾತು. "ಹಳೆಯದನ್ನು ಬಿಡಿ, ಹೊಸದಾಗಿ ಹಾಕಿ" ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಹಳೆಯ ಮಂಜೂರಾತಿ ಏನಾಯಿತೆಂದು ತಿಳಿಯದೆ ಅದನ್ನು ಒಪ್ಪಬೇಡಿ. ಅದೇ ಆಧಾರ್ ಹಳೆಯ ದಾಖಲೆಯಲ್ಲಿದ್ದರೆ ಹೊಸ ಅರ್ಜಿ ಎರಡನೆಯ ಸಲದ ಬೇಡಿಕೆಯಾಗಿ ಕಂಡು ತಿರಸ್ಕೃತವಾಗಬಹುದು. ಮಂಜೂರಾದರೂ ಅದು ಹೊಸ ದಿನಾಂಕದಿಂದ ಲೆಕ್ಕ, ಹಿಂದಿನ ಬಾಕಿ ಕೇಳಲು ಬಲ ಕುಗ್ಗುತ್ತದೆ. ಹಳೆಯದು ರದ್ದಾಗಿದೆ ಎಂಬ ಹಿಂಬರಹ ಕೈಗೆ ಬಂದ ನಂತರವಷ್ಟೇ ಹೊಸ ಅರ್ಜಿಯ ಯೋಚನೆ ಮಾಡಿ.

ಹಂತ 4: ಅರ್ಜಿ ಬಾಕಿ ಇದ್ದರೆ ಅಥವಾ ತಿರಸ್ಕೃತವಾಗಿದ್ದರೆ ಸಕಾಲ ಮೇಲ್ಮನವಿ

ಈ ಹಂತ ಹೊಸದಾಗಿ ಅರ್ಜಿ ಹಾಕಿ ಕಾಯುತ್ತಿರುವವರಿಗೆ. ಸಕಾಲ ಎಂದರೆ ಸರ್ಕಾರಿ ಸೇವೆಯನ್ನು ಗೊತ್ತುಪಡಿಸಿದ ಗಡುವಿನೊಳಗೆ ಕೊಡಿಸುವ ರಾಜ್ಯದ ವ್ಯವಸ್ಥೆ. ನಾಡಕಚೇರಿಯಲ್ಲಿ ಅರ್ಜಿ ಕೊಟ್ಟಾಗ ಸಿಗುವ ಸ್ವೀಕೃತಿಯಲ್ಲಿ 15 ಅಂಕಿಗಳ ಸಕಾಲ ಸಂಖ್ಯೆ ಮತ್ತು ಸೇವೆ ಕೊಡಬೇಕಾದ ಕೊನೆಯ ದಿನಾಂಕ ಇರುತ್ತವೆ. ಗಡುವು ಮೀರಿದರೆ ಅಥವಾ ಅರ್ಜಿ ತಿರಸ್ಕೃತವಾದರೆ, 2011ರ ಸಕಾಲ ಸೇವೆಗಳ ಅಧಿನಿಯಮದಂತೆ 30 ದಿನಗಳೊಳಗೆ ಸಕ್ಷಮ ಅಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು. ಅಲ್ಲಿಯೂ ನ್ಯಾಯ ಸಿಗದಿದ್ದರೆ ಮೇಲ್ಮನವಿ ಪ್ರಾಧಿಕಾರವಿದೆ. ವಿಳಂಬಕ್ಕೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿವರೆಗೆ ಪರಿಹಾರ ಕೇಳುವ ಹಕ್ಕೂ ಇದೆ. ಮೊತ್ತ ಸಣ್ಣದೇ, ಆದರೆ ಅದು ತಪ್ಪಿದ ಅಧಿಕಾರಿಯ ಲೆಕ್ಕಕ್ಕೆ ಬೀಳುವುದರಿಂದ ಮೇಲ್ಮನವಿಯನ್ನು ಕಚೇರಿ ಹಗುರವಾಗಿ ಕಾಣುವುದಿಲ್ಲ.

ಇಲ್ಲಿ ಪದೇ ಪದೇ ಆಗುವ ತಪ್ಪು ಒಂದಿದೆ. ಸಹಾಯವಾಣಿಯಲ್ಲಿ ದೂರು ದಾಖಲಿಸಿದ್ದೇನೆ, ಅದರ ಉತ್ತರ ಬರಲಿ ಎಂದು ಕಾಯುತ್ತಾ 30 ದಿನ ಕಳೆದುಬಿಡುತ್ತಾರೆ. ದೂರು ಬೇರೆ, ಮೇಲ್ಮನವಿ ಬೇರೆ. ದೂರು ಬಾಕಿ ಇದೆ ಎಂಬ ಕಾರಣಕ್ಕೆ ಮೇಲ್ಮನವಿಯ ಅವಧಿ ನಿಲ್ಲುವುದಿಲ್ಲ. ಸ್ವೀಕೃತಿಯಲ್ಲಿರುವ ಗಡುವನ್ನೂ ಅದಕ್ಕೆ 30 ಸೇರಿಸಿದ ದಿನಾಂಕವನ್ನೂ ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ಬರೆದಿಡಿ.

ಹಂತ 5: 1902ರಲ್ಲಿ ದೂರು, ಮತ್ತು ಅದರ ಒಳದಾರಿ

ಲಿಖಿತ ಮನವಿ ಕೊಟ್ಟು ಒಂದು ತಿಂಗಳಾದರೂ ಉತ್ತರವಿಲ್ಲದಿದ್ದರೆ ರಾಜ್ಯದ ಸಮಗ್ರ ಸಾರ್ವಜನಿಕ ಕುಂದುಕೊರತೆ ನಿವಾರಣಾ ವ್ಯವಸ್ಥೆಯಾದ ಜನಸ್ಪಂದನಕ್ಕೆ ಹೋಗಿ. 1902ಕ್ಕೆ ಕರೆ ಮಾಡಬಹುದು, ಜಾಲತಾಣದಲ್ಲೂ ದಾಖಲಿಸಬಹುದು. ದೂರು ಬೆಂಗಳೂರಿನಲ್ಲಿ ದಾಖಲಾದರೂ ಪರಿಹರಿಸುವವರು ಬೆಂಗಳೂರಿನವರಲ್ಲ. ಅದು ಇಲಾಖೆಯ ಮೂಲಕ ಸುತ್ತಿ ಸಾಮಾನ್ಯವಾಗಿ ನಿಮ್ಮದೇ ತಾಲ್ಲೂಕು ಕಚೇರಿಗೆ ಬರುತ್ತದೆ. ಅಲ್ಲಿನ ವಿಷಯ ನಿರ್ವಾಹಕರು ಕಂಪ್ಯೂಟರಿನ ಮುಂದೆ ಕುಳಿತಾಗ ಕಾಣುವುದು ನೀವು ಹೇಳಿಸಿದ ನಾಲ್ಕು ಸಾಲು ಮಾತ್ರ. ಆ ನಾಲ್ಕು ಸಾಲಿನಲ್ಲಿ ಆದೇಶ ಸಂಖ್ಯೆ, ಕೊನೆಯ ಕಂತಿನ ದಿನಾಂಕ, ತಹಶೀಲ್ದಾರರಿಗೆ ಕೊಟ್ಟ ಮನವಿಯ ಸ್ವೀಕೃತಿ ಸಂಖ್ಯೆ ಮತ್ತು "ಬ್ಯಾಂಕಿನಲ್ಲಿ ಪರಿಶೀಲಿಸಲಾಗಿದೆ, ಖಾತೆ ಚಾಲ್ತಿಯಲ್ಲಿದೆ, ಪಾವತಿಯೇ ಹೊರಟಿಲ್ಲ" ಎಂಬ ಮಾತು ಇದ್ದರೆ, ಬ್ಯಾಂಕಿಗೆ ಹೋಗಿ ಎಂದು ಮುಗಿಸಲು ದಾರಿಯಿರುವುದಿಲ್ಲ. ಎರಡನೆಯ ಹಂತಕ್ಕೆ ಅಷ್ಟು ಒತ್ತು ಕೊಟ್ಟದ್ದು ಇದಕ್ಕಾಗಿಯೇ.

ಒಂದು ದೂರಿನಲ್ಲಿ ಒಂದೇ ವಿಷಯ ಇರಲಿ. ಪಿಂಚಣಿಯ ಜೊತೆಗೆ ಪಡಿತರ, ಮನೆ, ರಸ್ತೆ ಎಲ್ಲವನ್ನೂ ಸೇರಿಸಿದರೆ ದೂರು ಇಲಾಖೆಯಿಂದ ಇಲಾಖೆಗೆ ಸುತ್ತುತ್ತದೆ. ಒಂದೇ ವಿಷಯಕ್ಕೆ ನಾಲ್ಕು ಕಡೆ ಏಕಕಾಲಕ್ಕೆ ದೂರು ಕೊಡುವುದೂ ಒಳ್ಳೆಯದಲ್ಲ: ಒಂದನ್ನು ಮುಗಿಸಿ ಉಳಿದವನ್ನು "ಈಗಾಗಲೇ ಉತ್ತರಿಸಲಾಗಿದೆ" ಎಂದು ಮುಚ್ಚುವುದಕ್ಕೆ ನೀವೇ ಅವಕಾಶ ಕೊಟ್ಟಂತಾಗುತ್ತದೆ.

ದೂರು ಸುಳ್ಳೇ ಮುಕ್ತಾಯವಾಗುವ ಸೂಚನೆಗಳನ್ನು ಗುರುತಿಸಿ. ಉತ್ತರದಲ್ಲಿ ದಿನಾಂಕ, ಆದೇಶ ಸಂಖ್ಯೆ ಇಲ್ಲದೆ "ಕ್ರಮವಹಿಸಲಾಗಿದೆ" ಎಂದಷ್ಟೇ ಇರುವುದು; ನಿಮ್ಮ ಯೋಜನೆಯ ಬದಲು ಬೇರೆ ಯೋಜನೆಯ ಹೆಸರಿರುವುದು; "ಅರ್ಜಿದಾರರಿಗೆ ದೂರವಾಣಿ ಮೂಲಕ ತಿಳಿಸಲಾಗಿದೆ" ಎಂದಿದ್ದು ನಿಮಗೆ ಕರೆಯೇ ಬಾರದಿರುವುದು. ಹೀಗಾದಾಗ ಹಳೆಯ ದೂರಿನ ಸಂಖ್ಯೆ ಉಲ್ಲೇಖಿಸಿ, ಉತ್ತರ ಯಾವ ಅಂಶಕ್ಕೆ ಸಿಕ್ಕಿಲ್ಲ ಎಂದು ಒಂದೇ ವಾಕ್ಯದಲ್ಲಿ ಹೇಳಿ, ಮರುಪರಿಶೀಲನೆಗೆ ಒತ್ತಾಯಿಸಿ. ದೂರಿನ ಸಂಖ್ಯೆ ಬರೆದುಕೊಳ್ಳದೆ ಕರೆ ಕಡಿಯಬೇಡಿ.

ಹಂತ 6: ಕಾರಣ ಹೇಳದಿದ್ದರೆ ಮಾಹಿತಿ ಹಕ್ಕು

ರದ್ದತಿಯ ಕಾರಣವನ್ನೇ ಹೇಳದ ಪ್ರಕರಣಗಳಲ್ಲಿ 2005ರ ಮಾಹಿತಿ ಹಕ್ಕು ಅಧಿನಿಯಮದ ಅರ್ಜಿ ದೂರಿಗಿಂತ ಹೆಚ್ಚು ಕೆಲಸ ಮಾಡುತ್ತದೆ. ತಾಲ್ಲೂಕು ಕಚೇರಿಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಕೊಡಿ. ಬಡತನ ರೇಖೆಗಿಂತ ಕೆಳಗಿರುವವರಿಗೆ ಶುಲ್ಕವಿಲ್ಲ, ಅದಕ್ಕೆ ಪುರಾವೆ ಲಗತ್ತಿಸಬೇಕು. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ 150 ಪದಗಳೊಳಗೆ ಇರಬೇಕು. ಇದನ್ನು ಮರೆತು ಉದ್ದ ಬರೆದವರ ಅರ್ಜಿಗಳು ವಿಷಯಕ್ಕೆ ಹೋಗದೆಯೇ ವಾಪಸಾಗುತ್ತವೆ.

"ನನ್ನ ಪಿಂಚಣಿ ಏಕೆ ನಿಲ್ಲಿಸಿದಿರಿ" ಎಂದು ಕೇಳಬೇಡಿ. ಅದು ಪ್ರಶ್ನೆ, ಮಾಹಿತಿಯಲ್ಲ ಎಂಬ ಉತ್ತರ ಬರುತ್ತದೆ. ದಾಖಲೆ ಕೇಳಿ: ಮಾಸಾಶನ ತಡೆಹಿಡಿದ ಆದೇಶದ ದೃಢೀಕೃತ ಪ್ರತಿ, ಅದಕ್ಕೆ ಆಧಾರವಾದ ಸ್ಥಳ ಪರಿಶೀಲನಾ ವರದಿ, ರದ್ದತಿಗೆ ಮುನ್ನ ಕೊಟ್ಟ ನೋಟಿಸು ಮತ್ತು ಅದು ಜಾರಿಯಾದ ಸ್ವೀಕೃತಿ, ನನ್ನ ಮನವಿಯ ಮೇಲಿನ ಟಿಪ್ಪಣಿ ಹಾಳೆ. 30 ದಿನಗಳಲ್ಲಿ ಉತ್ತರ ಬರಬೇಕು. ಬಾರದಿದ್ದರೆ ಅಥವಾ ಉತ್ತರ ಅಪೂರ್ಣವಾಗಿದ್ದರೆ ಮುಂದಿನ 30 ದಿನಗಳಲ್ಲಿ ಮೊದಲ ಮೇಲ್ಮನವಿ, ಆನಂತರ 90 ದಿನಗಳಲ್ಲಿ ಕರ್ನಾಟಕ ಮಾಹಿತಿ ಆಯೋಗಕ್ಕೆ ಎರಡನೆಯ ಮೇಲ್ಮನವಿ.

ಬರುತ್ತಿದ್ದ ಸೌಲಭ್ಯವನ್ನು ಕಸಿಯುವ ಮುನ್ನ ಆ ವ್ಯಕ್ತಿಗೆ ತಿಳಿಸಿ, ಅವರ ಮಾತು ಕೇಳಬೇಕು ಎಂಬುದು ಸಹಜ ನ್ಯಾಯದ ಮೂಲ ತತ್ವ. ನೋಟಿಸೇ ಇಲ್ಲದೆ ರದ್ದಾಗಿದೆ ಎಂಬುದು ಈ ಅರ್ಜಿಯಿಂದ ದಾಖಲೆಗೆ ಬಂದರೆ ಮುಂದಿನ ಎಲ್ಲ ಹಂತಗಳಲ್ಲಿ ಅದು ನಿಮ್ಮ ಪಾಲಿಗೆ ಗಟ್ಟಿಯಾದ ಆಧಾರ.

ಹಂತ 7: ಮೇಲಿನ ಬಾಗಿಲುಗಳು

ತಾಲ್ಲೂಕಿನಲ್ಲಿ ದಾರಿ ಮುಚ್ಚಿದರೆ ಮನವಿ, ಸ್ವೀಕೃತಿ, ದೂರಿನ ಉತ್ತರ ಮತ್ತು ಮಾಹಿತಿ ಹಕ್ಕಿನಡಿ ಸಿಕ್ಕ ಪ್ರತಿಗಳನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿ ಉಪವಿಭಾಗಾಧಿಕಾರಿ, ಆಮೇಲೆ ಜಿಲ್ಲಾಧಿಕಾರಿಗಳಿಗೆ ಸಲ್ಲಿಸಿ, ನಿರ್ದೇಶನಾಲಯಕ್ಕೂ ಪ್ರತಿ ಕಳುಹಿಸಿ. ನಿಮ್ಮ ಹೋಬಳಿಯಲ್ಲಿ ಪಿಂಚಣಿ ಅದಾಲತ್ (ಪಿಂಚಣಿ ಅರ್ಜಿ, ದೂರುಗಳನ್ನು ಸ್ಥಳದಲ್ಲೇ ವಿಚಾರಿಸುವ ಸಭೆ) ನಡೆಯುವುದಿದ್ದರೆ ಅದನ್ನು ತಪ್ಪಿಸಿಕೊಳ್ಳಬೇಡಿ, ಏಕೆಂದರೆ ವರದಿ ಬರೆಯುವವರೂ ಆದೇಶ ಮಾಡುವವರೂ ಅಂದು ಒಂದೇ ಕಡೆ ಇರುತ್ತಾರೆ.

ತಪ್ಪು ಬ್ಯಾಂಕಿನದಾಗಿದ್ದರೆ ಶಾಖೆಗೆ ಲಿಖಿತ ದೂರು ಕೊಟ್ಟು 30 ದಿನ ಕಾಯಿರಿ. ಪರಿಹಾರ ಸಿಗದಿದ್ದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಶುಲ್ಕವಿಲ್ಲದೆ ದೂರು ಸಲ್ಲಿಸಬಹುದು. ಲಂಚ ಕೇಳಿದ್ದರೆ ಅದು ಕುಂದುಕೊರತೆಯ ವಿಷಯವೇ ಅಲ್ಲ, ಲೋಕಾಯುಕ್ತದ ವಿಷಯ. ಎರಡನ್ನೂ ಒಂದೇ ಕಾಗದದಲ್ಲಿ ಬೆರೆಸಬೇಡಿ. ಅಂಗವಿಕಲರು 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮದಡಿಯ ರಾಜ್ಯ ಆಯುಕ್ತರನ್ನೂ ಸಂಪರ್ಕಿಸಬಹುದು. ಎಲ್ಲವೂ ವಿಫಲವಾದಾಗ ಉಳಿಯುವುದು ಹೈಕೋರ್ಟ್. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರಿಗೆ ಆದಾಯ ನೋಡದೆಯೇ ಉಚಿತ ಕಾನೂನು ನೆರವಿನ ಹಕ್ಕಿದೆ; ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಗೆ ಹೋಗಿ ಅಥವಾ 15100ಕ್ಕೆ ಕರೆ ಮಾಡಿ. ವಕೀಲರ ನೋಟಿಸು ಹೋದ ಮೇಲೆ ಅಲುಗಾಡುವ ಕಡತಗಳೂ ಇರುತ್ತವೆ.

ಎಚ್ಚರಿಕೆಗಳು

ಮಾಸಾಶನ ನಿಂತ ಮನೆಯ ವಿಳಾಸ ಮಧ್ಯವರ್ತಿಗಳಿಗೆ ಬೇಗ ಸಿಗುತ್ತದೆ. ಮೊದಲ ಕಂತು ತಮಗೆ ಕೊಡಬೇಕೆಂದು ಹೇಳುವವರು, ಪಾಸ್‌ಬುಕ್ ಮತ್ತು ಎಟಿಎಂ ಕಾರ್ಡ್ ತಮ್ಮ ಬಳಿಯೇ ಇರಲಿ ಎನ್ನುವವರು, ಖಾಲಿ ಕಾಗದದ ಮೇಲೆ ಹೆಬ್ಬೆಟ್ಟು ಕೇಳುವವರು ಇವರಿಂದ ದೂರವಿರಿ. ಇಲಾಖೆಯಿಂದ ಎಂದು ಕರೆ ಮಾಡಿ ಓಟಿಪಿ ಕೇಳಿದರೆ ಯಾವ ಕಾರಣಕ್ಕೂ ಹೇಳಬಾರದು. ಬ್ಯಾಂಕ್ ಮಿತ್ರರ (ಊರಿನಲ್ಲೇ ಬ್ಯಾಂಕಿನ ಪರವಾಗಿ ಹಣ ಕೊಡುವವರು) ಬಳಿ ಹಣ ತೆಗೆಯುವಾಗ ಯಂತ್ರ ಸರಿಯಾಗಿ ಓದಲಿಲ್ಲ ಎಂದು ಎರಡೆರಡು ಸಲ ಹೆಬ್ಬೆಟ್ಟು ಒತ್ತಿಸಿದರೆ ಪ್ರತಿ ಸಲದ ಚೀಟಿ ಕೇಳಿ ಪಡೆಯಿರಿ, ಅದೇ ವಾರ ಪಾಸ್‌ಬುಕ್ ಎಂಟ್ರಿ ಹಾಕಿಸಿ ಹೋಲಿಸಿ.

ಹಂತ 8: ಹಣ ಮತ್ತೆ ಬಂದ ಮೇಲೆ

ಮೊದಲ ಕಂತು ಬಂದ ಕೂಡಲೇ ಕಡತ ಮುಚ್ಚಬೇಡಿ. ಎಷ್ಟು ತಿಂಗಳದ್ದು ಬಂದಿದೆ ಎಂದು ಲೆಕ್ಕ ಹಾಕಿ. ಏಳು ತಿಂಗಳು ನಿಂತಿದ್ದ ಸಂಧ್ಯಾ ಸುರಕ್ಷಾಗೆ ಬಾಕಿ 8,400 ರೂಪಾಯಿ ಆಗಬೇಕು. 1,200 ಮಾತ್ರ ಬಂದಿದ್ದರೆ ಉಳಿದ 7,200 ರೂಪಾಯಿಗೆ, ನಿಂತ ತಿಂಗಳುಗಳ ಹೆಸರನ್ನು ಒಂದೊಂದಾಗಿ ಬರೆದು, ಪಾಸ್‌ಬುಕ್ ಪುಟದ ಪ್ರತಿ ಲಗತ್ತಿಸಿ ತಹಶೀಲ್ದಾರರಿಗೆ ಪ್ರತ್ಯೇಕ ಮನವಿ ಕೊಡಿ. ತಡೆಹಿಡಿದದ್ದು ಇಲಾಖೆಯ ತಪ್ಪಿನಿಂದ ಎಂದು ದಾಖಲೆಯಲ್ಲಿ ಇದ್ದರೆ ಅದನ್ನೂ ಉಲ್ಲೇಖಿಸಿ. ಈ ಮನವಿಗೂ ಮೊಹರು ಬಿದ್ದ ಸ್ವೀಕೃತಿ ಬೇಕು, ಬಾಕಿ ಕೊಡಲು ಬರುವುದಿಲ್ಲ ಎಂದರೆ ಅದಕ್ಕೂ ಹಿಂಬರಹ ಬೇಕು.